ಬೇಲಿಯೇ ಹೊಲ ಮೇಯದಿರಲಿ

ಆಳಂದ, ಅಫಜಲಪುರ, ಜೇವರ್ಗಿಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟವರೇ, ಕಾಲೇಜಿನ ಲ್ಯಾಬ್ ನೋಡಿಕೊಳ್ಳುವವರೇ, ನಿಮ್ಮಲ್ಲಿ ಲಿನಕ್ಸ್ ಯಂತ್ರವಿದ್ದರೆ ಈ ಮಾತು ಕೇಳಿ. ಜನರ ಪಹಣಿ, ಆಧಾರ್, ವಿದ್ಯಾರ್ಥಿವೇತನದ ಅರ್ಜಿಗಳು ನಿಮ್ಮನ್ನು ನಂಬಿ ಬಂದಿರುತ್ತವೆ.

ಲಿನಕ್ಸ್‌ನಲ್ಲಿ ‘ಪಿಕೆಎಕ್ಸೆಕ್’ ಎಂಬ ಸಣ್ಣ ತಂತ್ರಾಂಶವಿದೆ. ಅನುಮತಿ ನೋಡಿ, ಬೇರೆ ತಂತ್ರಾಂಶಗಳನ್ನು ಹೆಚ್ಚಿನ ಅಧಿಕಾರದೊಂದಿಗೆ ತೆರೆಯುವುದು ಅದರ ಕೆಲಸ. 2022ರ ಜನವರಿಯಲ್ಲಿ ಕ್ವಾಲಿಸ್ ಸಂಸ್ಥೆಯ ಸಂಶೋಧಕರು ಅದರ ದೊಡ್ಡ ಲೋಪವೊಂದನ್ನು ಬಯಲಿಗಿಟ್ಟು ‘ಪ್ವನ್‌ಕಿಟ್’ ಎಂದು ಹೆಸರಿಟ್ಟರು. 2009ರಿಂದಲೂ ಅದು ಅಲ್ಲೇ ಅಡಗಿತ್ತು! ದೂರದಿಂದ ನೇರವಾಗಿ ನುಗ್ಗಲು ಅದು ದಾರಿಯಲ್ಲ, ನಿಜ. ಆದರೆ ಯಂತ್ರದಲ್ಲಿ ಸಾಮಾನ್ಯ ಖಾತೆಯಿದ್ದ ಯಾರೇ ಆದರೂ ‘ರೂಟ್’, ಅಂದರೆ ಇಡೀ ಯಂತ್ರದ ಒಡೆಯ ಆಗಬಹುದಿತ್ತು. ಹತ್ತಾರು ಕೈ ಆಡುವ ಯಂತ್ರಕ್ಕೆ ಇದಕ್ಕಿಂತ ಅಪಾಯ ಬೇಕೆ?

ಪರಿಹಾರ ಸುಲಭ. ಉಬುಂಟು, ಡೆಬಿಯನ್, ಫೆಡೋರಾ ಎಲ್ಲಕ್ಕೂ ಆಗಲೇ ತಿದ್ದುಪಡಿ ಬಂದಿದೆ. ಇಂದೇ ಅಪ್‌ಡೇಟ್ ಮಾಡಿ, ಯಂತ್ರವನ್ನು ಮರಳಿ ಚಾಲೂ ಮಾಡಿ. ಅಪ್‌ಡೇಟ್ ನಿಂತುಹೋದ ಹಳೆಯ ಆವೃತ್ತಿಯಿದ್ದರೆ ಹೊಸದನ್ನು ಹಾಕಿ. ಅಲ್ಲಿಯವರೆಗೆ, ತಿಳಿದವರಿಂದ ಪಿಕೆಎಕ್ಸೆಕ್‌ನ ‘ಸೆಟ್‌ಯುಐಡಿ’ ಅನುಮತಿ ತೆಗೆಸಿ. ಕೆಲಸ ಬಿಟ್ಟುಹೋದವರ ಖಾತೆ ಅಳಿಸಿ. ಅಡ್ಮಿನ್ ಪಾಸ್‌ವರ್ಡನ್ನು ಗೋಡೆಗೆ ಅಂಟಿಸಬೇಡಿ.

ತೊಗರಿ ಹೊಲಕ್ಕೆ ಬೇಲಿ ಹಾಕಿ ಮರೆಯುವ ರೈತ ನಮ್ಮಲ್ಲಿಲ್ಲ. ಕಂಪ್ಯೂಟರಿನ ಬೇಲಿಯನ್ನೂ ಹಾಗೆಯೇ ಆಗಾಗ ನೋಡುತ್ತಿರಿ.