ಕುಲಾವಿ ಬೆಚ್ಚಗೂ ಇರಲಿ, ಚೆಂದವೂ ಇರಲಿ

ಪ್ರಶ್ನೆ: ತಂಗಿಯ ಮಗುವಿಗೆ ಆರು ತಿಂಗಳು ತುಂಬುತ್ತಿದೆ. ಡಿಸೆಂಬರಿನಲ್ಲಿ ಮಡಿಕೇರಿಯಲ್ಲಿ ಅನ್ನಪ್ರಾಶನ. ಕ್ರೋಶಾದಲ್ಲಿ ನಾನೇ ಒಂದು ಟೋಪಿ ಹಾಕಿಕೊಡಬೇಕು ಅಂತ ಆಸೆ. ಟೇಬಲ್ ಕ್ಲಾತು, ಬಾಗಿಲ ತೋರಣ ಹಾಕಿ ಕೈಗೆ ರೂಢಿಯಿದೆ. ಆದರೆ ಚೆಂದ ಮಾಡಲು ಹೊರಟರೆ ಟೋಪಿಯ ತುಂಬ ತೂತು, ಬೆಚ್ಚಗೆ ಮಾಡಲು ಹೊರಟರೆ ಥೇಟ್ ಮಂಕಿ ಟೋಪಿ. ಎರಡೂ ಒಂದರಲ್ಲೇ ಬರುವ ದಾರಿ ಇಲ್ಲವೇ?
– ಓದುಗರು, ಹಾಸನ

ಉತ್ತರ: ಇದೆ. ಆದರೆ ನಿಮ್ಮ ಕೈ ಕಲಿತದ್ದನ್ನು ಅರ್ಧ ಮರೆಯಬೇಕಾಗುತ್ತದೆ. ಕ್ರೋಶಾ ಯುರೋಪಿನಲ್ಲಿ ಹರಡಿದ್ದೇ ದುಬಾರಿ ಲೇಸಿಗೆ ಅಗ್ಗದ ಬದಲಿಯಾಗಿ. 1840ರ ದಶಕದ ಭೀಕರ ಬರಗಾಲದಲ್ಲಿ ಐರ್ಲೆಂಡಿನ ಹೆಂಗಸರು ಲೇಸಿನಂಥದ್ದನ್ನೇ ಕೊಕ್ಕೆ ಕಡ್ಡಿಯಲ್ಲಿ ಹೆಣೆದು ಮಾರಿ ಹೊಟ್ಟೆ ಹೊರೆದರು. ನಮ್ಮ ಪಕ್ಕದ ಆಂಧ್ರದಲ್ಲಿ, ಗೋದಾವರಿ ತೀರದ ನರಸಾಪುರಕ್ಕೆ ಈ ವಿದ್ಯೆಯನ್ನು ತಂದವರು ಕ್ರೈಸ್ತ ಮಿಷನರಿಗಳು. ಅಲ್ಲಿಯೂ ಅದು ಲೇಸ್ ಎಂದೇ ಬೆಳೆಯಿತು. ಸಣ್ಣ ಹತ್ತಿ ದಾರ, ಸಪೂರ ಕಡ್ಡಿ, ನಡುನಡುವೆ ಗಾಳಿಯಾಡುವ ಕಿಂಡಿ. ನಿಮ್ಮ ಟೇಬಲ್ ಕ್ಲಾತಿನದೂ ಇದೇ ವಂಶ. ಅಲ್ಲಿ ವಿನ್ಯಾಸ ಕಾಣುವುದೇ ತೂತಿನಿಂದ. ಚಳಿಯ ಟೋಪಿಯಲ್ಲಿ ಅದನ್ನು ದಪ್ಪದಿಂದ ತರಬೇಕು. ಉಬ್ಬು, ಪಟ್ಟೆ, ಮಡಿಕೆ, ಎದ್ದು ಕಾಣುವ ಅಂಚು ಇವೆಲ್ಲ ಚೆಂದಕ್ಕೂ ಆಗುತ್ತವೆ, ಗಾಳಿಯನ್ನು ಹಿಡಿದಿಟ್ಟು ಬೆಚ್ಚಗೂ ಇಡುತ್ತವೆ.

ಮೊದಲು ದಾರ. ಅಂಗಡಿಯಲ್ಲಿ 'ಉಲ್ಲನ್' ಎಂದು ಕೇಳಿದರೆ ಹೆಚ್ಚಾಗಿ ಕೊಡುವುದು ಅಕ್ರಿಲಿಕ್. ಅದು ಕೆಟ್ಟದ್ದೇನಲ್ಲ, ಮೆತ್ತಗಿರುತ್ತದೆ, ಒಗೆಯಲು ಸುಲಭ. ಆದರೆ ಬೆವರು ಹೀರುವುದಿಲ್ಲ, ಬೆಂಕಿಯ ಹತ್ತಿರ ಹೋದರೆ ಕರಗುತ್ತದೆ. ಸ್ನಾನವಾದ ಮೇಲೆ ಸಾಂಬ್ರಾಣಿ ಹೊಗೆ ಹಿಡಿಯುವ ಮನೆಯಾದರೆ ಈ ಟೋಪಿಯನ್ನು ಕೆಂಡದ ಹತ್ತಿರ ತರಲೇಬೇಡಿ. ಕೈಗೆಟುಕಿದರೆ ಮೆರಿನೋ ಉಣ್ಣೆ ಕೊಳ್ಳಿ, ಅದರಲ್ಲೂ ಮೆಷಿನ್‌ನಲ್ಲಿ ಒಗೆಯಬಹುದು ಎಂದು ಚೀಟಿಯಲ್ಲಿ ಬರೆದಿರುವುದನ್ನು. ಅಂಗಡಿಯಲ್ಲೇ ಉಂಡೆಯನ್ನು ನಿಮ್ಮ ಕುತ್ತಿಗೆಗೆ ಒಂದು ನಿಮಿಷ ಒತ್ತಿ ಹಿಡಿಯಿರಿ. ನಿಮಗೆ ಚುಚ್ಚಿದರೆ ಕೂಸಿಗೂ ಚುಚ್ಚುತ್ತದೆ. ಮೊಹೇರ್, ಅಂಗೋರಾದಂಥ ರೋಮದ ದಾರ ನೋಡಲು ಬಲು ಸೊಗಸು, ಆದರೆ ಎಳೆ ಬಿಡುತ್ತದೆ, ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ವಯಸ್ಸಿಗೆ ಬೇಡ. ಡಿಕೆ ದಪ್ಪದ ದಾರ, 4 ಮಿ.ಮೀ. ಕಡ್ಡಿ ಸಾಕು. 50 ಗ್ರಾಮಿನ ಎರಡು ಉಂಡೆಗಳನ್ನು ಒಂದೇ ಸಲ, ಒಂದೇ ಡೈ ಲಾಟ್ ನೋಡಿ ತನ್ನಿ. ಆಮೇಲೆ ಹೋದರೆ ಅದೇ ಬಣ್ಣ ಅನ್ನುವುದು ಸ್ವಲ್ಪ ಬೇರೆಯಾಗಿಯೇ ಸಿಗುತ್ತದೆ.

ಅಳತೆಯನ್ನು ಅಂದಾಜಿಗೆ ಬಿಡಬೇಡಿ. ಟೇಪನ್ನು ಹುಬ್ಬಿನ ಮೇಲಿಂದ, ಕಿವಿಯ ಮೇಲಿಂದ ಹಾಯಿಸಿ, ಹಿಂದೆ ತಲೆ ಎಲ್ಲಿ ಹೆಚ್ಚು ಉಬ್ಬಿದೆಯೋ ಅಲ್ಲಿಗೆ ತರಲು ತಂಗಿಗೆ ಹೇಳಿ. ಆರು ತಿಂಗಳಿಗೆ ಸಾಮಾನ್ಯವಾಗಿ 43 ಸೆಂ.ಮೀ. ಆಸುಪಾಸು ಬರುತ್ತದೆ. ಕ್ರೋಶಾ ಹಿಗ್ಗುವುದರಿಂದ ಟೋಪಿಯ ಸುತ್ತಳತೆ 40 ಇದ್ದರೆ ಸರಿಯಾಗಿ ಕೂರುತ್ತದೆ. ಅದಕ್ಕಿಂತ ಬಿಗಿ ಬೇಡ, ಆ ವಯಸ್ಸಿಗೆ ನೆತ್ತಿ ಇನ್ನೂ ಕೂಡಿರುವುದಿಲ್ಲ.

ಇನ್ನು ಹೆಣಿಗೆ. ಯೂಟ್ಯೂಬಿನಲ್ಲಿ ಅಮೆರಿಕದವರು ಸಿಂಗಲ್ ಅನ್ನುವುದನ್ನೇ ಬ್ರಿಟಿಷ್ ಪುಸ್ತಕಗಳು ಡಬಲ್ ಅನ್ನುತ್ತವೆ. ನಾನು ಹೇಳುತ್ತಿರುವುದು ಅಮೆರಿಕದ ಲೆಕ್ಕ. ಸಿಂಗಲ್ ಹಾಕಿದರೆ ತೂತಿಲ್ಲ, ಆದರೆ ಟೋಪಿ ಬಿರುಸಾಗುತ್ತದೆ. ಡಬಲ್ ಬೇಗ ಸಾಗುತ್ತದೆ, ನಡುವೆ ಕಿಂಡಿ ಬಿಡುತ್ತದೆ. ಇವೆರಡರ ನಡುವಿನ ಹಾಫ್ ಡಬಲ್ ನಿಮ್ಮ ಟೋಪಿಗೆ ಹೇಳಿ ಮಾಡಿಸಿದ್ದು. ಒಂದು ಸಣ್ಣ ಚೌಕ ಹಾಕಿ ಅಳೆದು ನೋಡಿ, 10 ಸೆಂ.ಮೀ.ಗೆ 16 ಹೆಣಿಗೆ ಬಂದರೆ ಮುಂದಿನ ಲೆಕ್ಕ ಹಾಗೇ ಕೂರುತ್ತದೆ. 40 ಸೆಂ.ಮೀ.ಗೆ 64 ಹೆಣಿಗೆ.

ಮ್ಯಾಜಿಕ್ ರಿಂಗಿನಲ್ಲಿ 8 ಹಾಕಿ ಶುರುಮಾಡಿ. ಪ್ರತಿ ಸುತ್ತಿಗೂ 8 ಹೆಚ್ಚಿಸುತ್ತ ಹೋಗಿ: 16, 24, 32... ಎಂಟನೆಯ ಸುತ್ತಿಗೆ 64. ಈ ಎಂಟು ಎಲ್ಲಿಂದ ಬಂತು ಎಂದು ಹೇಳಿಬಿಡುತ್ತೇನೆ, ಯಾಕೆಂದರೆ ಟೋಪಿ ಕೆಡುವುದು ಇಲ್ಲೇ. ಹಾಫ್ ಡಬಲಿನ ಒಂದು ಸುತ್ತು ಸುಮಾರು 8 ಮಿ.ಮೀ. ಎತ್ತರ. ವೃತ್ತದ ತ್ರಿಜ್ಯ 8 ಮಿ.ಮೀ. ಹೆಚ್ಚಿದರೆ ಅದರ ಸುತ್ತಳತೆ ಆ ಎಂಟರ 2π ಪಟ್ಟು, ಅಂದರೆ ಸುಮಾರು 50 ಮಿ.ಮೀ. ಹೆಚ್ಚಬೇಕು. ನಿಮ್ಮ ಒಂದು ಹೆಣಿಗೆಯ ಅಗಲ 6 ಮಿ.ಮೀ.ಗೆ ಸ್ವಲ್ಪ ಮೇಲೆ. ಐವತ್ತನ್ನು ಅದರಿಂದ ಭಾಗಿಸಿದರೆ ಎಂಟು. ಕಡಿಮೆ ಹೆಚ್ಚಿಸಿದರೆ ಬಟ್ಟಲಾಗಿ ಮುದುಡುತ್ತದೆ, ಹೆಚ್ಚಾದರೆ ಅಂಚು ಅಲೆಅಲೆಯಾಗಿ ಏಳುತ್ತದೆ. ಟೇಬಲ್ ಕ್ಲಾತಿನ ನಡುವಿನ ಚಕ್ರದಲ್ಲಿ ನೀವು ಇದನ್ನು ಕಣ್ಣಳತೆಯಲ್ಲೇ ಮಾಡುತ್ತ ಬಂದಿದ್ದೀರಿ. ಸುಮಾರು 13 ಸೆಂ.ಮೀ. ಅಡ್ಡಳತೆಯ ಚಕ್ರವಾದ ಮೇಲೆ ಹೆಚ್ಚಿಸುವುದನ್ನು ನಿಲ್ಲಿಸಿಬಿಡಿ. ಅದೇ 64ರಲ್ಲಿ ಸುತ್ತು ಮೇಲೆ ಸುತ್ತು ಹಾಕುತ್ತಿದ್ದರೆ ಗೋಡೆ ತಾನೇ ಇಳಿಯುತ್ತದೆ. ನೆತ್ತಿಯ ನಡುವಿನಿಂದ 14 ಸೆಂ.ಮೀ. ಆಗುವವರೆಗೆ ಹೀಗೇ ಹೋಗಿ. ಪ್ರತಿ ಸುತ್ತಿನಲ್ಲೂ ಎಣಿಸಿ. ಸುತ್ತು ಕೂಡಿಸುವ ಜಾಗದಲ್ಲಿ ಒಂದು ಹೆಣಿಗೆ ಕಾಣದಂತೆ ಕಳೆದುಹೋಗುವುದು ಕ್ರೋಶಾದ ಹಳೆಯ ಚಾಳಿ.

ಈಗ ಚೆಂದದ ಭಾಗ. ಹಾಫ್ ಡಬಲಿಗೆ ಒಂದು ಗುಟ್ಟಿದೆ. ಮೇಲಿನ ಎರಡು ಎಳೆಗಳಲ್ಲದೆ ಹಿಂಬದಿಯಲ್ಲಿ ಮೂರನೆಯ ಎಳೆಯೊಂದು ಅಡ್ಡ ಮಲಗಿರುತ್ತದೆ. ಒಂದು ಸುತ್ತನ್ನು ಪೂರ್ತಿ ಆ ಮೂರನೆಯ ಎಳೆಯಲ್ಲೇ ಹಾಕಿದರೆ ಮೇಲಿನ ಎರಡು ಎಳೆಗಳು ಮುಂದಕ್ಕೆ ತಳ್ಳಿಕೊಂಡು ಜಡೆ ಹೆಣೆದಂತೆ ಟೋಪಿಯ ಸುತ್ತ ನಿಲ್ಲುತ್ತವೆ. ಗೋಡೆಯ ಕೊನೆಗೆ ಇಂಥ ಎರಡು ಸುತ್ತು ಕೊಡಿ. ಒಂದು ತೂತೂ ಬೀಳದೆ ಟೋಪಿಗೆ ಹಬ್ಬದ ಕಳೆ ಬರುತ್ತದೆ. ನನ್ನನ್ನು ಕೇಳಿದರೆ ಇಷ್ಟಕ್ಕೇ ನಿಲ್ಲಿಸಿದರೂ ಸಾಕು. ಆದರೆ ಅನ್ನಪ್ರಾಶನದ ಫೋಟೋ ಅಂದಮೇಲೆ ನೀವು ನಿಲ್ಲಿಸುವುದಿಲ್ಲ.

ಅಲ್ಲಿಂದ ಕೆಳಕ್ಕೆ 6 ಸೆಂ.ಮೀ. ಪಟ್ಟಿ. ಹಿಂದಿನ ಹೆಣಿಗೆಯ ತಲೆಗೆ ಕಡ್ಡಿ ಹಾಕದೆ ಅದರ ಕಾಲನ್ನೇ ಒಮ್ಮೆ ಮುಂದಿನಿಂದ, ಒಮ್ಮೆ ಹಿಂದಿನಿಂದ ಬಳಸಿ ಹಾಕುತ್ತ ಹೋದರೆ ಸ್ವೆಟರಿನ ಅಂಚಿನ ಹಾಗೆ ಉದ್ದ ಗೀರುಗಳು ಏಳುತ್ತವೆ, ಚೆನ್ನಾಗಿ ಹಿಗ್ಗುತ್ತವೆ. ಈ ಪಟ್ಟಿಯ ಅರ್ಧವನ್ನು ಮೇಲಕ್ಕೆ ಮಡಿಸುವುದು. ಆಗ ಕಿವಿಯ ಮೇಲೆ ಎರಡು ಪದರ ಬರುತ್ತದೆ, ಮಡಿಕೇರಿಯ ಗಾಳಿಗೆ ಬೇಕಾದದ್ದೂ ಅಲ್ಲೇ. ನಿಮ್ಮ ಲೇಸಿನ ಆಸೆಯನ್ನೂ ಈ ಮಡಿಕೆಯ ತುದಿಯಲ್ಲಿ ತೀರಿಸಿಕೊಳ್ಳಿ. ಕೊನೆಯ ಸುತ್ತಿಗೆ ಮುಂಚೆ ಹೆಣಿಗೆಯನ್ನು ಒಳಮುಖ ಹೊರಗಾಗುವಂತೆ ತಿರುಗಿಸಿಕೊಳ್ಳಿ, ಇಲ್ಲದಿದ್ದರೆ ಮಡಿಸಿದಾಗ ಅಂಚಿನ ಹಿಂಬದಿ ಕಾಣುತ್ತದೆ. ಆಮೇಲೆ ಒಂದು ಸ್ಲಿಪ್ ಸ್ಟಿಚ್, ಒಂದು ಬಿಟ್ಟು ಮುಂದಿನದರಲ್ಲಿ ಮೂರು ಡಬಲ್, ಮತ್ತೊಂದು ಬಿಟ್ಟು ಮತ್ತೆ ಸ್ಲಿಪ್ ಸ್ಟಿಚ್. ನಾಲ್ಕಕ್ಕೊಂದರಂತೆ 64ಕ್ಕೆ 16 ಪುಟ್ಟ ಚಿಪ್ಪುಗಳು ಸರಿಯಾಗಿ ಕೂರುತ್ತವೆ. ಜರಿ ಎಳೆ ಸೇರಿಸುವುದಾದರೆ ಈ ಸುತ್ತಿಗೆ ಮಾತ್ರ. ಇಲ್ಲಿ ಅದು ಚರ್ಮಕ್ಕೆ ತಾಗುವುದಿಲ್ಲ.

ಒಳಗೆ ಹಳೆಯ ಮಲ್ ಬಟ್ಟೆಯ ಅಸ್ತರು ಕೊಡಬಹುದು. ನೇರ ಕತ್ತರಿಸಿದರೆ ಟೋಪಿಯ ಹಿಗ್ಗನ್ನೇ ಕಟ್ಟಿಹಾಕುತ್ತದೆ, ಆದ್ದರಿಂದ ಟೈಲರುಗಳು ಕ್ರಾಸ್ ಅನ್ನುವ ಹಾಗೆ ಓರೆಯಾಗಿ ಕತ್ತರಿಸಿ.

ಮಣಿ, ಗುಂಡಿ, ಅಂಟಿಸಿದ ಮುತ್ತು ಬೇಡವೇ ಬೇಡ. ಕಿತ್ತು ಬಂದರೆ ಗಂಟಲಿಗೇ ಹೋಗುತ್ತವೆ. ಹೂ ಬೇಕಿದ್ದರೆ ಅದೇ ದಾರದಲ್ಲಿ ಹೆಣೆದು ಸುತ್ತಲೂ ಹೊಲಿದುಬಿಡಿ. ಗಲ್ಲದ ಕೆಳಗೆ ಕಟ್ಟುವ ಲಾಡಿ ನಮ್ಮ ಹಳೆಯ ಕುಲಾವಿಗಳಲ್ಲಿ ಇದ್ದೇ ಇರುತ್ತಿತ್ತು, ಅಜ್ಜಿಯರು ಕೇಳಿಯೇ ಕೇಳುತ್ತಾರೆ. ಕುತ್ತಿಗೆಗೆ ಬಿಗಿಯುವ ಅಪಾಯವಿರುವುದರಿಂದ ಯುರೋಪಿನ ಸುರಕ್ಷತಾ ಮಾನದಂಡವೇ ಚಿಕ್ಕ ಮಕ್ಕಳ ಉಡುಪಿನ ಹುಡ್, ಕುತ್ತಿಗೆಯ ಬಳಿ ಎಳೆದು ಬಿಗಿಯುವ ದಾರ ಇರಕೂಡದು ಅನ್ನುತ್ತದೆ. ಪಟ್ಟಿಯೇ ಹಿಡಿದುಕೊಳ್ಳುವುದರಿಂದ ನಿಮಗೆ ಲಾಡಿಯ ಅಗತ್ಯವೂ ಇಲ್ಲ.

ಮಗುವಿನ ಮೈಯ ಮೇಲ್ಮೈಯಲ್ಲಿ ತಲೆಯದು ಸುಮಾರು ಐದನೇ ಒಂದು ಪಾಲು. ದೊಡ್ಡವರಲ್ಲಿ ಹತ್ತನೇ ಒಂದು ಪಾಲೂ ಇಲ್ಲ. ಚಳಿ ಬೇಗ ಹತ್ತುವುದು ಅದಕ್ಕೇ, ಸೆಕೆಯನ್ನು ಹೊರಹಾಕುವುದೂ ತಲೆಯಿಂದಲೇ. ಹಾಗಾಗಿ ಮನೆಯೊಳಗೆ, ಅದರಲ್ಲೂ ಮಲಗಿಸುವಾಗ, ಟೋಪಿ ತೆಗೆದಿಡಲು ತಂಗಿಗೆ ಹೇಳಿ. ಮನೆಯೊಳಗೆ ಕೂಸಿಗೆ ಟೋಪಿ ಬೇಡವೆಂದೇ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ ಸಲಹೆ. ಹುಟ್ಟಿದ ಮೊದಲ ಕೆಲವು ಗಂಟೆಗಳು ಮತ್ತು ಶಿಶುಗಳ ತೀವ್ರ ನಿಗಾ ಘಟಕ ಮಾತ್ರ ಇದಕ್ಕೆ ಹೊರತು.

ಉಳಿದ ದಾರವನ್ನು ಎಸೆಯಬೇಡಿ. ಒಂದು ವರ್ಷಕ್ಕೆ ತಲೆ ಇನ್ನೂ ಎರಡು-ಮೂರು ಸೆಂ.ಮೀ. ಬೆಳೆದಿರುತ್ತದೆ. ಮಡಿಕೆ ಬಿಚ್ಚಿದರೆ ಉದ್ದ ಸಿಗುತ್ತದೆ, ಅಗಲ ಸಾಲದಿದ್ದರೆ ಕೊನೆಯ ಗಂಟು ಬಿಡಿಸಿ ಚಕ್ರದವರೆಗೆ ಎಳೆದು, ಒಂಬತ್ತನೆಯ ಸುತ್ತಿನಲ್ಲಿ ಮತ್ತೆ ನಾಲ್ಕು ಹೆಚ್ಚಿಸಿ ಇಳಿಸಿಕೊಂಡು ಬನ್ನಿ.