ಕಾಡ್ಗಿಚ್ಚು ತಡೆಯುವುದು ಹ್ಯಾಂಗ?



ಈ ಸಲದ ಗೋಡೆ ಪತ್ರಿಕೆಗೆ ನಾನು ಕಾಡ್ಗಿಚ್ಚಿನ ಬಗ್ಗೆ ಬರೆದಿದ್ದೇನೆ. "ನಮ್ಮ ಕಡೆ ಕಾಡೇ ಇಲ್ಲ, ಕಾಡ್ಗಿಚ್ಚು ಎಲ್ಲಿಂದ ಬರ್ತೈತಿ?" ಅಂತ ನೀವು ನಗಬಹುದು. ಖರೇ ಐತಿ. ರಾಜ್ಯದಲ್ಲಿ ಅತಿ ಕಡಿಮೆ ಕಾಡು ಇರುವ ಜಿಲ್ಲೆಗಳಲ್ಲಿ ನಮ್ಮ ವಿಜಯಪುರವೂ ಒಂದು. 1988ರ ರಾಷ್ಟ್ರೀಯ ಅರಣ್ಯ ನೀತಿಯ ಪ್ರಕಾರ ದೇಶದ ಭೂಮಿಯಲ್ಲಿ ಮೂರರಲ್ಲಿ ಒಂದು ಪಾಲು ಗಿಡಮರ ಇರಬೇಕು. ನಮಗೆ ಇರುವುದು ಬಬಲೇಶ್ವರದ ಹತ್ತಿರ ಮಮದಾಪುರದ ಕಾಡು, ವಿಜಯಪುರದಲ್ಲಿ ಭೂತನಾಳ ಕೆರೆಯ ದಂಡಿಯ ಗಿಡಗಳು, 2016ರಿಂದ ಕೋಟಿ ವೃಕ್ಷ ಅಭಿಯಾನದಲ್ಲಿ ಹಚ್ಚಿದ ಸಸಿಗಳು. ಸ್ವಲ್ಪ ಇದ್ದವರೇ ಜಾಸ್ತಿ ಜ್ವಾಕಿ ಮಾಡಬೇಕು.

ಬೆಂಕಿಗೆ ಬೇಕಾದ ಮೂರು ವಸ್ತು

ವಿಜ್ಞಾನ ಪಾಠದಲ್ಲಿ ಓದಿದ್ದೇವೆ: ಉರಿಯಲು ಉರುವಲು, ಗಾಳಿಯಲ್ಲಿರುವ ಆಕ್ಸಿಜನ್ ಮತ್ತು ಕಾವು ಬೇಕು. ಮೂರರಲ್ಲಿ ಒಂದು ತೆಗೆದರೂ ಬೆಂಕಿ ನಿಲ್ಲುತ್ತದೆ. ಕಾಡಿನ ಗಾಳಿಯನ್ನು ಯಾರೂ ತೆಗೆಯಲಾರರು. ಬೇಸಿಗೆಯ ಬಿಸಿಲನ್ನೂ ತಡೆಯಲಾರರು. ನಮ್ಮ ಕೈಯಲ್ಲಿ ಇರುವುದು ಎರಡೇ: ಒಣಹುಲ್ಲು, ತರಗೆಲೆ ಕಡಿಮೆ ಮಾಡುವುದು ಮತ್ತು ಕಡ್ಡಿ ಗೀರದೇ ಇರುವುದು. ನಮ್ಮ ದೇಶದಲ್ಲಿ ಹೆಚ್ಚಿನ ಕಾಡ್ಗಿಚ್ಚು ಸಿಡಿಲಿನಿಂದ ಬೀಳುವುದಿಲ್ಲ, ಮನುಷ್ಯರಿಂದಲೇ ಬೀಳುತ್ತದೆ.

ಬಂಡೀಪುರದ ಬೆಂಕಿ

2019ರ ಫೆಬ್ರುವರಿ ತಿಂಗಳಲ್ಲಿ ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದಲ್ಲಿ ದೊಡ್ಡ ಬೆಂಕಿ ಬಿತ್ತು. ಐದಾರು ದಿನದಲ್ಲಿ 4,000 ಹೆಕ್ಟೇರಿಗಿಂತ ಹೆಚ್ಚು, ಅಂದರೆ ಸುಮಾರು 10,000 ಎಕರೆ ಕಾಡು ಸುಟ್ಟಿತು. ಕಾವಲುಗಾರರು, ಊರವರು, ಬೇರೆ ಊರಿಂದ ಬಂದ ಜನ ಹಸಿ ಟೊಂಗಿ ಹಿಡಿದು ಬಡಿದು ಆರಿಸಿದರು. ಕಡೆಗೆ ವಾಯುಪಡೆಯ ಹೆಲಿಕಾಪ್ಟರಿನಿಂದ ನೀರು ಸುರಿಯಬೇಕಾಯಿತು. ಅದಕ್ಕೂ ಮೊದಲು, 2017ರಲ್ಲಿ, ಅದೇ ಬಂಡೀಪುರದಲ್ಲಿ ಬೆಂಕಿ ಆರಿಸಲು ಹೋದ ತರುಣ ಅರಣ್ಯ ರಕ್ಷಕರೊಬ್ಬರು ಪ್ರಾಣ ಕಳಕೊಂಡಿದ್ದರು.

ಇಷ್ಟು ದೊಡ್ಡದು ಯಾಕಾಯಿತು? ಒಣಹುಲ್ಲಿತ್ತು, ಜೋರು ಗಾಳಿ ಇತ್ತು. ಜೊತೆಗೆ ಲಂಟಾನ ಎಂಬ ಪೊದೆ ಇತ್ತು. ಇದು ನಮ್ಮ ದೇಶದ ಗಿಡವಲ್ಲ. ಇಂಗ್ಲಿಷರ ಕಾಲದಲ್ಲಿ ಹೂವಿನ ಚಂದಕ್ಕೆ ತಂದದ್ದು, ಈಗ ಕಾಡಿನ ತುಂಬ ಹಬ್ಬಿದೆ. ನೆಲದ ಬೆಂಕಿಗೆ ಅದು ನಿಚ್ಚಣಿಕೆ ಆಗುತ್ತದೆ. ಅದನ್ನು ಹತ್ತಿ ಬೆಂಕಿ ಮರದ ತುದಿಗೆ ಹೋಗುತ್ತದೆ.

ಸೋಲಿಗರ ತರಗುಬೆಂಕಿ

ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ಇದ್ದಾರೆ. ಹಿಂದೆ ಅವರು ಬಿರು ಬೇಸಿಗೆ ಬರುವ ಮೊದಲೇ, ನೆಲದಲ್ಲಿ ಇನ್ನೂ ಹಸಿ ಇರುವಾಗ, ತರಗೆಲೆಗೆ ಸಣ್ಣ ಬೆಂಕಿ ಇಡುತ್ತಿದ್ದರು. ಇದಕ್ಕೆ ತರಗುಬೆಂಕಿ ಅನ್ನುತ್ತಾರೆ. ಅದು ನೆಲದ ಮೇಲೆ ತೆಳ್ಳಗೆ ಹರಿದು ಆರುತ್ತಿತ್ತು. ದೊಡ್ಡ ಮರಕ್ಕೆ ಏನೂ ಆಗುತ್ತಿರಲಿಲ್ಲ. 1974ರಲ್ಲಿ ಅದು ವನ್ಯಜೀವಿ ಧಾಮವಾಯಿತು, ಈ ಪದ್ಧತಿ ನಿಂತಿತು. ಆಮೇಲೆ ಲಂಟಾನ ಹೆಚ್ಚಿತು, ಈಗ ಬೆಂಕಿ ಬಿದ್ದರೆ ದೊಡ್ಡದೇ ಬೀಳುತ್ತದೆ ಎಂದು ಸೋಲಿಗರ ಹಿರಿಯರು ಹೇಳುತ್ತಾರೆ. ಎಲ್ಲರೂ ಇದನ್ನು ಒಪ್ಪುವುದಿಲ್ಲ. ಸಣ್ಣ ಬೆಂಕಿಯಿಂದಲೂ ಸಸಿ, ಹಕ್ಕಿಯ ಮೊಟ್ಟೆ ಸುಡುತ್ತವೆ ಎನ್ನುವವರೂ ಇದ್ದಾರೆ.

ಅರಣ್ಯ ಇಲಾಖೆಯವರು ಮಾಡುವುದು ಬೆಂಕಿ ರೇಖೆ. ರಸ್ತೆಯ ಎರಡೂ ಮಗ್ಗಲು, ಕಾಡಿನ ಗಡಿಗುಂಟ ಪಟ್ಟಿಯಂತೆ ಹುಲ್ಲು ಕೊಯ್ದು, ತಂಪಿನ ಹೊತ್ತಿನಲ್ಲಿ ಕಾವಲಿದ್ದು ಸುಡುತ್ತಾರೆ. ಮುಂದೆ ಬೆಂಕಿ ಬಂದರೆ ಅಲ್ಲಿ ತಿನ್ನಲು ಏನೂ ಸಿಗದೆ ನಿಲ್ಲುತ್ತದೆ.

ನಮ್ಮೂರಿನ ಉದಾಹರಣೆ

ಇದನ್ನು ಬರೆಯಲೋ ಬ್ಯಾಡೋ ಅಂತ ಎರಡು ದಿನ ವಿಚಾರ ಮಾಡಿದೆ. ಹೋದ ವರ್ಷ ಶಿವರಾತ್ರಿ ಆದ ಮೇಲೆ ನಮ್ಮ ಹೊಲದಾಗ ಕಬ್ಬು ಕಡಿದು ರವದಿ ಬಿದ್ದಿತ್ತು. ಮುತ್ಯಾ ಹೇಳಿದ್ದ: "ತಮ್ಮಾ, ಗಾಳಿ ಬಿಟ್ಟೈತಿ, ಈಗ ಹಚ್ಚಬ್ಯಾಡ. ನಾ ಬರೂತನಕ ತಡಿ." ನಾನು ತಡೀಲಿಲ್ಲ. ಕಡ್ಡಿ ಗೀರಿದೆ. ಬೆಂಕಿ ಒಡ್ಡು ದಾಟಿ ಹಾದಿಗೆ ಬಂತು. ಹಾದಿಗುಂಟ ನಾವೆಲ್ಲ ಸಾಲಿಯಿಂದ ಹಚ್ಚಿದ್ದ ಬೇವು, ಹೊಂಗೆ ಸಸಿ ಹದಿನಾಲ್ಕು ಇದ್ದವು. ಒಂಬತ್ತು ಸುಟ್ಟವು. ನೀವು ಕೊಡ ಹೊತ್ತು ನೀರು ಹಾಕಿದ್ದು ಅವಕ್ಕೇ. "ಯಾರೋ ಬೀಡಿ ಒಗದಿರಬೇಕು" ಅಂತ ನೀವು ಅಂದಾಗ ನಾನು ಸುಮ್ಮನಿದ್ದೆ. ಬೀಡಿ ಅಲ್ಲ, ನಾನು. ತಪ್ಪಾಯಿತು.

ಸೋಲಿಗರ ಬೆಂಕಿಗೂ ನನ್ನ ಬೆಂಕಿಗೂ ಇರುವ ಫರಕು ಆಗ ತಿಳಿಯಿತು. ಅವರಿಗೆ ಹೊತ್ತು, ಗಾಳಿ, ಹಸಿ ಎಲ್ಲ ಗೊತ್ತಿತ್ತು. ನನಗೆ ಕಡ್ಡಿಪೆಟ್ಟಿಗೆ ಅಷ್ಟೇ ಗೊತ್ತಿತ್ತು.

ನಾವು ಮಾಡಬೇಕಾದದ್ದು

1. ನಮ್ಮ ಕಡೆಯ ಗಿಡ ಎಳೆಯವು, ತೊಗಟೆ ತೆಳುವು. ಅವು ಸಣ್ಣ ಬೆಂಕಿಯನ್ನೂ ತಾಳಲಾರವು. ಆದ್ದರಿಂದ ಇಲ್ಲಿ ಬೆಂಕಿ ಹಚ್ಚುವುದೇ ಬೇಡ. ಗಿಡದ ಸುತ್ತಿನ ಹುಲ್ಲು ಒಣಗುವ ಮೊದಲೇ ಕೊಯ್ದು ದನಕ್ಕೆ ಹಾಕೋಣ.
2. ರವದಿ ಸುಡದೆ ಸಾಲಿನಲ್ಲಿ ಹಾಸಿದರೆ ನೆಲದ ಹಸಿ ಉಳಿಯುತ್ತದೆ, ಕೊಳೆತು ಗೊಬ್ಬರವೂ ಆಗುತ್ತದೆ.
3. ಸಸಿ ಸಾಲಿನ ಎರಡೂ ಕಡೆ ಒಂದು ಮಾರು ಅಗಲ ಹುಲ್ಲು ಕೆತ್ತಿ ಬರೇ ಮಣ್ಣು ಬಿಡೋಣ. ಇದೇ ನಮ್ಮ ಬೆಂಕಿ ರೇಖೆ.
4. ಕಾದಿಟ್ಟ ಅರಣ್ಯದಲ್ಲಿ ಬೆಂಕಿ ಹಚ್ಚುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯಂತೆ ಅಪರಾಧ. ಮಮದಾಪುರದ ಕಡೆ ದನ ಹೊಡಕೊಂಡು ಹೋಗುವವರಿಗೆ ತಿಳಿಸಿ ಹೇಳೋಣ.
5. ಹೊಗೆ ಕಂಡರೆ ಮಕ್ಕಳು ತಾವೇ ಆರಿಸಲು ಓಡಬಾರದು. ಮೊದಲು ಹಿರಿಯರಿಗೆ ಹೇಳಿ 112ಕ್ಕೆ ಫೋನ್ ಮಾಡಿಸಬೇಕು.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆ ಏನು ಉಪಯೋಗ? ಕಾಡಿನ ಮಾತೂ ಹಾಗೇ. ಕೆಲಸ ಚಳಿಗಾಲದಲ್ಲೇ ಮಾಡಬೇಕು.

ಸುಟ್ಟ ಒಂಬತ್ತರಲ್ಲಿ ಮೂರು ಬೇವು ಮಳೆಗಾಲದಲ್ಲಿ ಬುಡದಿಂದ ಚಿಗುರಿವೆ. ಉಳಿದ ಆರು ಕುಣಿ ನಾನು ಮುತ್ಯಾನ ಜೋಡಿ ತೋಡಿದ್ದೇನೆ. ಸಸಿ ಹಚ್ಚಲು ಶನಿವಾರ ಸಾಲಿ ಬಿಟ್ಟ ಮೇಲೆ ಬರುವವರು ಬರ್ರಿ. ನೀರು ಮಾತ್ರ ನಾನೇ ಹೊರತೀನಿ.

ಪ್ರಶ್ನೆಗಳು (ಉತ್ತರ ಬರೆದು ಗುರುಗಳಿಗೆ ತೋರಿಸಿರಿ)
1. ಬೆಂಕಿಗೆ ಬೇಕಾದ ಮೂರು ವಸ್ತು ಯಾವುವು?
2. ತರಗುಬೆಂಕಿಯನ್ನು ಯಾವ ಹೊತ್ತಿನಲ್ಲಿ ಇಡುತ್ತಿದ್ದರು? ಯಾಕೆ?
3. ನಿಮ್ಮ ಹೊಲದ ಒಡ್ಡಿನ ಮೇಲೆ ಎಷ್ಟು ಗಿಡ ಇವೆ? ಎಣಿಸಿ ಬರೆಯಿರಿ.

– 7ನೇ ಇಯತ್ತೆ ವಿದ್ಯಾರ್ಥಿ