ಪಾಠ 14: ಬುದ್ಧಿ ಹಲ್ಲು ತೆಗೆಸಿದ ಮೇಲೆ



ನಮ್ಮ ಬಾಯಿಯ ತೀರಾ ಕೊನೆಯಲ್ಲಿ ಒಂದು ದವಡೆ ಹಲ್ಲು ಇರುತ್ತದೆ. ಅದೇ ಬುದ್ಧಿ ಹಲ್ಲು. ಸಾಮಾನ್ಯವಾಗಿ 17ರಿಂದ 25 ವರ್ಷದ ಒಳಗೆ ಹುಟ್ಟುತ್ತದೆ. ಬುದ್ಧಿ ಬಲಿತ ವಯಸ್ಸಿನಲ್ಲಿ ಬರುವುದರಿಂದ ಈ ಹೆಸರು. ಮೇಲೆ 2, ಕೆಳಗೆ 2, ಒಟ್ಟು 4. ಕೆಲವರಿಗೆ ಹುಟ್ಟುವುದೇ ಇಲ್ಲ.

ದವಡೆಯಲ್ಲಿ ಜಾಗ ಸಾಲದಿದ್ದರೆ ಈ ಹಲ್ಲು ವಾರೆಯಾಗಿ ಬರುತ್ತದೆ. ಅರ್ಧ ಹೊರಗೆ, ಅರ್ಧ ವಸಡಿನ ಒಳಗೆ. ಸಂದಿಯಲ್ಲಿ ಅನ್ನದ ಅಗುಳು ಸೇರುತ್ತದೆ. ಕೀವಾಗುತ್ತದೆ. ಕೆನ್ನೆ ಊದುತ್ತದೆ. ಬಾಯಿ ತೆರೆಯೋಕೇ ಆಗೋದಿಲ್ಲ. ಆಗ ಡಾಕ್ಟರು "ತೆಗೆಸಿಬಿಡಿ" ಅನ್ನುತ್ತಾರೆ.

ನಾವೇನು ಮಾಡುತ್ತೇವೆ? ಲವಂಗ ಕಚ್ಚಿಕೊಂಡು, ಹೊಗೆಸೊಪ್ಪು ಇಟ್ಟುಕೊಂಡು ನೋವು ನುಂಗುತ್ತೇವೆ. ಕೂಲಿ ತಪ್ಪುತ್ತದಲ್ಲ ಎಂಬ ಚಿಂತೆ. "ಹಲ್ಲು ಕೀಳಿಸಿದರೆ ಕಣ್ಣು ಹೋಗುತ್ತೆ" ಎಂಬ ಹೆದರಿಕೆ ಬೇರೆ. ಈ ಮಾತು ಸುಳ್ಳು. ಹಲ್ಲಿನ ನರ ಬೇರೆ, ನೋಟದ ನರ ಬೇರೆ. ಆದರೆ ಕೀವನ್ನು ಹಾಗೇ ಬಿಟ್ಟರೆ ಅದು ಕುತ್ತಿಗೆಗೆ ಇಳಿದು ಜೀವಕ್ಕೇ ಅಪಾಯ ತರಬಹುದು.

ತೆಗೆಸುವ ಮೊದಲು

ಬಿ.ಪಿ., ಸಕ್ಕರೆ ಕಾಯಿಲೆ ಇದ್ದರೆ ಡಾಕ್ಟರಿಗೆ ಹೇಳಿ. ಬಸುರಿಯಾಗಿದ್ದರೆ, ಮಗುವಿಗೆ ಹಾಲೂಡಿಸುತ್ತಿದ್ದರೆ ಹೇಳಿ. ರಕ್ತ ತೆಳುವಾಗುವ ಮಾತ್ರೆ ತಿನ್ನುತ್ತಿದ್ದರೆ, ಯಾವುದಾದರೂ ಔಷಧಿ ಒಗ್ಗದಿದ್ದರೆ ಅದನ್ನೂ ಹೇಳಿ. ನಾಚಿಕೆ ಬೇಡ.

ಮೊದಲ ದಿನ

ಡಾಕ್ಟರು ಗಾಯದ ಮೇಲೆ ಹತ್ತಿ ಇಡುತ್ತಾರೆ. ಅದನ್ನು ಅರ್ಧದಿಂದ ಮುಕ್ಕಾಲು ಗಂಟೆ ಬಿಗಿಯಾಗಿ ಕಚ್ಚಿಕೊಂಡಿರಬೇಕು. ಪದೇ ಪದೇ ತೆಗೆದು ನೋಡಬಾರದು.

ಹಲ್ಲು ಇದ್ದ ಕುಳಿಯಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಈ ಹೆಪ್ಪೇ ಗಾಯಕ್ಕೆ ಮುಚ್ಚಳ. ಹೆಪ್ಪು ಹಾಕಿದ ಹಾಲನ್ನು ಅಲುಗಾಡಿಸುತ್ತಾ ಇದ್ದರೆ ಮೊಸರು ಕೂಡುತ್ತದೆಯೇ? ಇದೂ ಹಾಗೆಯೇ. ಹೆಪ್ಪು ಕಿತ್ತು ಹೋದರೆ ಒಳಗಿನ ಮೂಳೆಗೆ ಗಾಳಿ, ಅನ್ನ ತಾಗುತ್ತದೆ. ಎರಡು ಮೂರು ದಿನ ಕಳೆದ ಮೇಲೆ ಕಿವಿಯವರೆಗೂ ಜೋರು ನೋವು ಬರುತ್ತದೆ.

ಅದಕ್ಕೇ ಮೊದಲ 24 ಗಂಟೆ ಉಗುಳಬೇಡಿ, ಬಾಯಿ ಮುಕ್ಕಳಿಸಬೇಡಿ. ಜೊಲ್ಲಿನಲ್ಲಿ ಸ್ವಲ್ಪ ಕೆಂಪು ಬರುವುದು ಸಹಜ. ಎಳನೀರನ್ನು ಕೊಳವೆಯಲ್ಲಿ ಹೀರಬೇಡಿ, ಲೋಟಕ್ಕೆ ಬಗ್ಗಿಸಿಕೊಂಡು ಕುಡಿಯಿರಿ. ಗಾಯಕ್ಕೆ ಬೆರಳು, ನಾಲಿಗೆ, ಕಡ್ಡಿ ತಾಗಿಸಬೇಡಿ. ಸುಣ್ಣ, ಅರಿಸಿನ, ಹೊಗೆಸೊಪ್ಪು ಏನನ್ನೂ ಮೆತ್ತಬೇಡಿ.

ಕೆನ್ನೆಯ ಹೊರಗೆ ತಣ್ಣೀರು ಬಟ್ಟೆ ಅಥವಾ ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ. 15 ನಿಮಿಷ ಇಟ್ಟು, 15 ನಿಮಿಷ ಬಿಡಿ. ಮಲಗುವಾಗ ತಲೆ ಎತ್ತರದಲ್ಲಿರಲಿ.

ಎರಡನೆಯ ದಿನದಿಂದ

ಒಂದು ಲೋಟ ಉಗುರು ಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ. ಊಟವಾದ ಮೇಲೆ ಮೆಲ್ಲಗೆ ಬಾಯಿ ಆಡಿಸಿ. ನೀರು ತಾನಾಗಿ ಹೊರಗೆ ಬೀಳಲಿ. ಉಳಿದ ಹಲ್ಲುಗಳನ್ನು ಮೆದು ಬ್ರಷ್‌ನಿಂದ ಉಜ್ಜಿ.

ಊತ ಎರಡು ಮೂರು ದಿನ ಹೆಚ್ಚುತ್ತದೆ, ಆಮೇಲೆ ಇಳಿಯುತ್ತದೆ. ಇದಕ್ಕೆ ಹೆದರಬೇಡಿ.

ಊಟ

ಕೆನ್ನೆಯ ಜೋಮು ಬಿಡುವ ತನಕ ಏನನ್ನೂ ಅಗಿಯಬೇಡಿ. ತುಟಿ, ಕೆನ್ನೆ ಕಚ್ಚಿದರೂ ತಿಳಿಯೋದಿಲ್ಲ. ಆಮೇಲೆ ಆರಿದ ಗಂಜಿ, ರಾಗಿ ಅಂಬಲಿ, ಮೊಸರನ್ನ, ಬಾಳೆಹಣ್ಣು, ಹಾಲಿನಲ್ಲಿ ನೆನೆಸಿದ ಇಡ್ಲಿ ತಿನ್ನಿ. ಬಿಸಿ, ಖಾರ, ಚಕ್ಕುಲಿ, ಕಡಲೆಬೀಜ ಕೆಲವು ದಿನ ಬೇಡ. ಎಲೆ ಅಡಿಕೆ, ಕಡ್ಡಿಪುಡಿ, ಬೀಡಿ ಮುಟ್ಟಬೇಡಿ. ಇವುಗಳಿಂದ ಗಾಯ ಮಾಯುವುದು ತಡವಾಗುತ್ತದೆ.

ಕೆಲಸ

ಬೆಳಿಗ್ಗೆ ಹಲ್ಲು ತೆಗೆಸಿದ ಅಕ್ಕ ಸಂಜೆಗೆ ನೀರಿನ ಕೊಡ ಹೊತ್ತರೆ ಏನಾಗುತ್ತದೆ? ನಿಂತ ರಕ್ತ ಮತ್ತೆ ಹರಿಯಬಹುದು. ಎರಡು ಮೂರು ದಿನ ಕೊಡ, ಹುಲ್ಲಿನ ಹೊರೆ, ಸೌದೆ ಹೊರೆ ಎತ್ತಬಾರದು. ಮನೆಯವರಿಗೆ ಮೊದಲೇ ಹೇಳೋಣ. ಗಂಡಸರು ನೀರು ತರಲಿ, ಮಕ್ಕಳು ಕಸ ಗುಡಿಸಲಿ. ನೆರೆಯವರಿಗೆ ಹೀಗಾದಾಗ ನಾವೂ ಒಂದು ಹೊತ್ತಿನ ಅಡಿಗೆ ಮಾಡಿಕೊಡೋಣ. ವಿಶ್ರಾಂತಿ ಸೋಮಾರಿತನ ಅಲ್ಲ, ಅದೂ ಒಂದು ಔಷಧಿ.

ಮಾತ್ರೆ

ಔಷಧಿ ಚೀಟಿ ಹೆಚ್ಚಾಗಿ ಇಂಗ್ಲಿಷಿನಲ್ಲಿರುತ್ತದೆ. ಡಾಕ್ಟರನ್ನು ಕೇಳಿ, ನಿಮ್ಮ ಕೈಯಿಂದಲೇ ಕನ್ನಡದಲ್ಲಿ ಬರೆದುಕೊಳ್ಳಿ. "ಬೆಳಿಗ್ಗೆ 1, ರಾತ್ರಿ 1, ಊಟ ಆದ ಮೇಲೆ, 5 ದಿನ" ಹೀಗೆ. ನೋವು ನಿಂತಿತು ಅಂತ ಕೀವಿನ ಮಾತ್ರೆಯನ್ನು ನಡುವೆ ಬಿಡಬೇಡಿ. ಹೊಲಿಗೆ ಹಾಕಿದ್ದರೆ ಯಾವಾಗ ಬರಬೇಕು ಎಂದು ಕೇಳಿ, ಆ ತಾರೀಕು ಬರೆದಿಡಿ.

ಕೂಡಲೇ ಡಾಕ್ಟರ ಬಳಿ ಹೋಗಿ

1. ಹತ್ತಿ ಒತ್ತಿ ಕಚ್ಚಿದರೂ ರಕ್ತ ನಿಲ್ಲದಿದ್ದರೆ.
2. ಜ್ವರ ಅಥವಾ ಕೀವು ಬಂದರೆ.
3. ಮೂರು ದಿನ ಕಳೆದರೂ ಊತ, ನೋವು ಹೆಚ್ಚುತ್ತಲೇ ಇದ್ದರೆ.
4. ಮರುದಿನವೂ ತುಟಿ, ನಾಲಿಗೆಯ ಜೋಮು ಬಿಡದಿದ್ದರೆ.

ನುಂಗಲು, ಉಸಿರಾಡಲು ಕಷ್ಟವಾದರೆ ಕಾಯಬೇಡಿ. 108ಕ್ಕೆ ಫೋನ್ ಮಾಡಿ.

ಎಲ್ಲ ಸರಿಯಿದ್ದರೆ ಎರಡು ಮೂರು ವಾರಗಳಲ್ಲಿ ವಸಡು ಕೂಡಿಕೊಳ್ಳುತ್ತದೆ. ಒಳಗಿನ ಮೂಳೆ ತುಂಬಲು ಕೆಲವು ತಿಂಗಳು ಬೇಕು.

ಅಭ್ಯಾಸ

ಉತ್ತರ ಹೇಳಿ:
1. ಮೊದಲ ದಿನ ಏಕೆ ಉಗುಳಬಾರದು?
2. ಉಪ್ಪು ನೀರನ್ನು ಎಂದಿನಿಂದ ಬಳಸಬೇಕು?

ಬಿಟ್ಟ ಪದ ತುಂಬಿ:
ಕುಳಿಯಲ್ಲಿ ರಕ್ತ \_\_\_\_\_\_ಗಟ್ಟುತ್ತದೆ.

ಎಲ್ಲರೂ ಸೇರಿ ಮಾತಾಡೋಣ:
ನಮಗೆ ಹುಷಾರಿಲ್ಲದಾಗ ಮನೆಗೆಲಸವನ್ನು ಯಾರು ಯಾರು ಹಂಚಿಕೊಳ್ಳಬಹುದು?